ಒಂದೇ ಮನೆಯಲ್ಲಿದ್ದರೂ ಫ್ರೆಂಚ್ ಬರುತ್ತಿಲ್ಲ, ಏನು ಮಾಡಲಿ?

ಈ ಸಲ ಬಂದ ಪತ್ರಗಳಲ್ಲಿ ಮೂರನ್ನು ಆರಿಸಿದ್ದೇವೆ. ಮೂರೂ ಫ್ರೆಂಚ್ ಕಲಿಕೆಯ ಬಗ್ಗೆ, ಮೂರರಲ್ಲೂ ಬೇರೆಯವರ ಜೊತೆ ಮನೆ ಹಂಚಿಕೊಂಡಿರುವ ಮಾತಿದೆ. ಉತ್ತರಿಸುವವರು ಶಿವಮೊಗ್ಗ ಮೂಲದ, ಈಗ ಲಿಯೋನ್ ನಗರದಲ್ಲಿ ಹೊಸಬರಿಗೆ ಫ್ರೆಂಚ್ ಕಲಿಸುತ್ತಿರುವ ನಮ್ಮ ಅಂಕಣಗಾರ್ತಿ.

ಪ್ರಶ್ನೆ: ಅಕ್ಕ, ನಾನು ದಾವಣಗೆರೆಯ ಹುಡುಗ. ಲಿಯೋನ್ ಪಕ್ಕದ ವಿಲರ್ಬಾನ್‌ನಲ್ಲಿ ಮಾಸ್ಟರ್ಸ್ ಓದುತ್ತಿದ್ದೇನೆ. ಪಾಠವೆಲ್ಲ ಇಂಗ್ಲಿಷ್‌ನಲ್ಲೇ. ನಾಲ್ಕು ಜನ ಸೇರಿ ಒಂದು ಫ್ಲ್ಯಾಟಿನಲ್ಲಿದ್ದೇವೆ: ಇಬ್ಬರು ಫ್ರೆಂಚ್ ಹುಡುಗರು, ಒಬ್ಬಳು ಸ್ಪೇನಿನವಳು, ನಾನು. ಬೆಂಗಳೂರಿನಲ್ಲಿ ಫ್ರೆಂಚ್‌ನ ಎ2 ಮಟ್ಟ ಮುಗಿಸಿಕೊಂಡು ಬಂದೆ. ಅವರ ಜೊತೆ ಇದ್ದರೆ ಭಾಷೆ ತಾನಾಗಿ ಬರುತ್ತೆ ಅಂದುಕೊಂಡಿದ್ದೆ. ಆದರೆ ನಾನು ಫ್ರೆಂಚ್‌ನಲ್ಲಿ ಕೇಳಿದರೆ ಅವರು ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾರೆ. ರಾತ್ರಿ ಎಲ್ಲರೂ ಊಟಕ್ಕೆ ಕೂತು ಮಾತಾಡುವಾಗ ಏನೂ ತಿಳಿಯುವುದಿಲ್ಲ. ಈಗೀಗ ಅನ್ನ ಸಾರು ತಟ್ಟೆಗೆ ಹಾಕಿಕೊಂಡು ರೂಮಿಗೆ ಹೋಗಿಬಿಡುತ್ತೇನೆ. ಮುಂದಿನ ವರ್ಷ ಇಂಟರ್ನ್‌ಶಿಪ್ ಬೇಕು, ಕಂಪನಿಗಳು ಬಿ2 ಕೇಳುತ್ತಿವೆ. ಪಕ್ಕದ ಬೀದಿಯಲ್ಲಿ ಕನ್ನಡ, ತೆಲುಗು ಹುಡುಗರ ಮನೆಯಲ್ಲಿ ರೂಮ್ ಖಾಲಿ ಇದೆ. ಅಲ್ಲಿಗೆ ಹೋಗಿ ನೆಮ್ಮದಿಯಾಗಿ ಕ್ಲಾಸ್ ಸೇರಿಕೊಳ್ಳಲೇ?

ಉತ್ತರ: ಮನೆ ಬಿಡಬೇಡಿ. ಕನಿಷ್ಠ ಈ ಸೆಮಿಸ್ಟರ್ ಮುಗಿಯುವವರೆಗಾದರೂ ಇರಿ. ಕ್ಲಾಸನ್ನು ಯಾವ ಮನೆಯಿಂದಲಾದರೂ ಸೇರಬಹುದು. ಹಲ್ಲುಜ್ಜುವ ಹೊತ್ತಿಗೇ ಫ್ರೆಂಚ್ ಕಿವಿಗೆ ಬೀಳುವ ಮನೆ ಬಿಟ್ಟರೆ ಇನ್ನೊಂದು ಬೇಗ ಸಿಗುವುದಿಲ್ಲ.

ಊಟದ ಮೇಜಿನ ಮಾತು ಅರ್ಥವಾಗದ್ದಕ್ಕೆ ನೀವು ಕುಗ್ಗಬೇಕಾಗಿಲ್ಲ. ಭಾಷೆ ಎಷ್ಟು ಬರುತ್ತದೆ ಅಂತ ಅಳೆಯುವ, ಎ1, ಎ2, ಬಿ1, ಬಿ2 ಹೀಗೆ ಸಿ2ವರೆಗಿನ ಆರು ಮಟ್ಟಗಳ ಚೌಕಟ್ಟನ್ನು ಕೌನ್ಸಿಲ್ ಆಫ್ ಯುರೋಪ್ 2001ರಲ್ಲಿ ಪ್ರಕಟಿಸಿತು. ಬಿ2 ಮುಟ್ಟಿದವರಿಗೂ, ಆ ಭಾಷೆಯವರೇ ನಾಲ್ಕಾರು ಜನ ತಮ್ಮ ವೇಗದಲ್ಲೇ ಹರಟುತ್ತಿದ್ದರೆ ನಡುವೆ ಸೇರುವುದು ಕಷ್ಟವಾಗಬಹುದು ಅಂತ ಅದರಲ್ಲೇ ಹೇಳಿದ್ದಾರೆ. ನೀವಿರುವುದು ಎ2ರಲ್ಲಿ. ಅಂದರೆ ಎಲ್ಲಕ್ಕಿಂತ ಕಷ್ಟದ ಕಡೆಯಿಂದಲೇ ಶುರು ಮಾಡಿದ್ದೀರಿ. ಮೇಜು ಸದ್ಯಕ್ಕೆ ಇರಲಿ. ಇಬ್ಬರೇ ಇರುವ ಹೊತ್ತನ್ನು ಹುಡುಕಿ. ಊಟ ಮುಗಿದ ಮೇಲೆ ಒಬ್ಬರು ಪಾತ್ರೆ ತೊಳೆಯುತ್ತಾರೆ, ಒಬ್ಬರು ಒರೆಸುತ್ತಾರೆ ಅಲ್ವಾ? ಆ ಒರೆಸುವ ಬಟ್ಟೆ ನಿಮ್ಮ ಕೈಯಲ್ಲಿರಲಿ. ಕಣ್ಣೆದುರಿಗೆ ಇರುವ ವಸ್ತುಗಳ ಬಗ್ಗೆಯೇ ಮಾತು ನಡೆಯುತ್ತದೆ, ಕೈ ಕೆಲಸದಲ್ಲಿ ಇರುವುದರಿಂದ ನಡುವೆ ಸುಮ್ಮನಾದರೂ ಯಾರಿಗೂ ಮುಜುಗರವಿಲ್ಲ. ನಾನು ಲಿಯೋನ್‌ನ ಗಿಯೊಟಿಯೇರ್ ಬಡಾವಣೆ ಕಡೆ ಇದ್ದ ಕೊಲೊಕ್‌ನಲ್ಲಿ (ಹಂಚಿಕೊಂಡ ಮನೆಗೂ, ಜೊತೆಗಿರುವವರಿಗೂ ಇಲ್ಲಿ ಇದೇ ಹೆಸರು) ಬ್ರಿಟನಿ ಕಡೆಯ ಒಬ್ಬ ನರ್ಸಿಂಗ್ ವಿದ್ಯಾರ್ಥಿನಿ ಇದ್ದಳು. ತೊಳೆಯುತ್ತಾ ಆಸ್ಪತ್ರೆಯಲ್ಲಿ ಆ ದಿನ ಏನಾಯಿತು ಅಂತ ಹೇಳುವಳು. ದಿನವೂ ಹೆಚ್ಚುಕಮ್ಮಿ ಅದೇ ಕಥೆ, ಅವೇ ಕ್ರಿಯಾಪದಗಳು. ಭೂತಕಾಲ ನನ್ನ ನಾಲಿಗೆಗೆ ಹತ್ತಿದ್ದು ಆ ಸಿಂಕ್ ಪಕ್ಕದಲ್ಲಿ.

ಇನ್ನು ಇಂಗ್ಲಿಷ್ ವಿಷಯ. ಅವರು ಇಂಗ್ಲಿಷ್‌ಗೆ ಹೊರಳುವುದು ನಿಮಗೆ ಸಹಾಯವಾಗಲಿ ಅಂತ. ಕೆಲವರಿಗೆ ತಮ್ಮ ಇಂಗ್ಲಿಷ್ ಸುಧಾರಿಸಿಕೊಳ್ಳುವ ಆಸೆಯೂ ಇರುತ್ತದೆ. ಅದಕ್ಕೆ ಬೇಸರ ಮಾಡಿಕೊಳ್ಳದೆ, ಎಲ್ಲರೂ ಇರುವಾಗ ಒಂದು ಸಲ ನೇರವಾಗಿ ಕೇಳಿ: 'ಅಡುಗೆಮನೆಯಲ್ಲಿ ನನ್ನ ಜೊತೆ ಫ್ರೆಂಚ್ ಮಾತ್ರ. ಬಾಡಿಗೆ, ಕರೆಂಟ್ ಬಿಲ್, ಡಾಕ್ಟರ್ ಇಂಥ ವಿಷಯ ಬಂದರೆ ಇಂಗ್ಲಿಷ್.' ಜಾಗ ಗೊತ್ತುಮಾಡಿದರೆ ಎಲ್ಲರಿಗೂ ನೆನಪಿರುತ್ತದೆ. ಇಡೀ ಮನೆಗೆ ನಿಯಮ ಹಾಕಿದರೆ ಎರಡೇ ದಿನದಲ್ಲಿ ಎಲ್ಲರೂ ಸುಸ್ತಾಗುತ್ತಾರೆ. ಆಮೇಲೂ ಯಾರಾದರೂ ಮರೆತರೆ 'ಆಂ ಫ್ರಾಂಸೆ, ಸಿಲ್ ತ ಪ್ಲೆ' ಅನ್ನಿ. ದಯವಿಟ್ಟು ಫ್ರೆಂಚ್‌ನಲ್ಲಿ ಹೇಳು ಅಂತ. ಅರ್ಥವಾಗದಿದ್ದರೆ 'ಸಾ ವೊ ದೀರ್ ಕ್ವಾ?' ಅಂತ ಕೇಳಿ, ಹಾಗೆಂದರೇನು ಅಂತ. ಸುಮ್ನೆ ತಲೆಯಾಡಿಸಬೇಡಿ. ಅರ್ಥವಾಯಿತು ಅಂತ ನಟಿಸುವವರ ಜೊತೆ ಜನ ಬೇಗ ಮಾತು ಮುಗಿಸುತ್ತಾರೆ.

ನಿಮ್ಮ ಮನೆಯಲ್ಲಿ ನೀವು ಗಮನಿಸದ ಒಬ್ಬ ಗುರು ಇದ್ದಾಳೆ. ಆ ಸ್ಪೇನಿನ ಹುಡುಗಿ! ಅವಳೂ ಕಲಿತು ಮಾತಾಡುವವಳು, ನಿಧಾನವಾಗಿ ಹೇಳುತ್ತಾಳೆ, ಎಲ್ಲಿ ಎಡವುತ್ತೀರಿ ಅಂತ ಅವಳಿಗೆ ಗೊತ್ತು. ನಿಮ್ಮಿಬ್ಬರ ನಡುವೆ ಫ್ರೆಂಚ್ ಯಾರ ಸ್ವತ್ತೂ ಅಲ್ಲ, ಹಾಗಾಗಿ ಸಂಕೋಚವೂ ಕಮ್ಮಿ. ವಾರಕ್ಕೊಮ್ಮೆ ಅವಳ ಜೊತೆ ಸಂತೆಗೆ ಹೋಗಿ.

ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು ಒಂದಿದೆ. ಮನೆಯಲ್ಲಿ ಒಂದು ಜವಾಬ್ದಾರಿ ಹೊತ್ತುಕೊಳ್ಳಿ. ಅದು ಮಾತಾಡದೆ ಮುಗಿಯದಂಥ ಕೆಲಸ ಆಗಿರಬೇಕು. ಬಾತ್‌ರೂಮ್ ತೊಳೆಯುವುದು ಬೇಡ, ಅದಕ್ಕೆ ಭಾಷೆ ಬೇಕಿಲ್ಲ. ಸಾಮಾನಿನ ಪಟ್ಟಿ ನಿಮ್ಮದಾಗಲಿ. ಫ್ರಿಜ್ ಬಾಗಿಲಿನ ಮೇಲೆ ಬರೆದು, ಒಬ್ಬೊಬ್ಬರನ್ನೂ ಏನು ಬೇಕು ಅಂತ ಕೇಳಿ, ತಂದು, ಯಾರು ಎಷ್ಟು ಕೊಡಬೇಕು ಅಂತ ಲೆಕ್ಕ ಹೇಳಿ. ಫ್ರೆಂಚ್ ಸಂಖ್ಯೆಗಳು ಬಾಯಿಗೆ ಬರಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ. ಇಲ್ಲಿ 70 ಅಂದರೆ ಅರವತ್ತು-ಹತ್ತು, 80 ಅಂದರೆ ನಾಲ್ಕು ಇಪ್ಪತ್ತು, 97 ಅಂದರೆ ನಾಲ್ಕು ಇಪ್ಪತ್ತು-ಹತ್ತು-ಏಳು. ಪುಸ್ತಕದಲ್ಲಿ ಓದಿದರೆ ನಾಲಿಗೆಗೆ ಬರುವುದಿಲ್ಲ. ನಿಮ್ಮ ದುಡ್ಡಿನ ಲೆಕ್ಕವಾದರೆ ಬರುತ್ತದೆ. ಪಟ್ಟಿ ಬೇಡವಾದರೆ ಕಸದ ಜವಾಬ್ದಾರಿ ತಗೊಳ್ಳಿ. 2024ರ ಜನವರಿಯಿಂದ ಫ್ರಾನ್ಸಿನಲ್ಲಿ ಅಡುಗೆಮನೆಯ ಹಸಿಕಸವನ್ನು ಬೇರೆ ಮಾಡಲು ವ್ಯವಸ್ಥೆ ಇರಬೇಕು ಅಂತ ಕಾನೂನಿದೆ. ಲಿಯೋನ್‌ನ ಬೀದಿಗಳಲ್ಲಿ ಅದಕ್ಕೆ ಬೇರೆ ಡಬ್ಬಗಳಿವೆ. ಗಾಜಿಗೆ ಒಂದು, ಹಳದಿ ಮುಚ್ಚಳದ್ದು ಇನ್ನೊಂದು. ಯಾವುದು ಎಲ್ಲಿಗೆ ಅಂತ ಮನೆಯಲ್ಲಿ ವಾದ ಆಗಿಯೇ ಆಗುತ್ತದೆ. ಆ ವಾದದಲ್ಲಿ ನೀವಿರಿ.

ಅನ್ನ ಸಾರು ರೂಮಿಗೆ ಒಯ್ಯುವುದನ್ನು ಮಾತ್ರ ನಿಲ್ಲಿಸಿ. ಅದರ ಬದಲು ಒಂದು ಸಂಜೆ ಎಲ್ಲರಿಗೂ ಉಪ್ಪಿಟ್ಟು ಮಾಡಿ. ಇಲ್ಲಿನ ಸೂಪರ್ ಮಾರ್ಕೆಟ್‌ನಲ್ಲಿ 'ಸಮೂಲ್ ಫೀನ್' ಅಂತ ಸಿಗುವುದು ನಮ್ಮ ಸಣ್ಣ ರವೆಯೇ. ಸಾಸಿವೆ, ಕರಿಬೇವು ಗಿಯೊಟಿಯೇರ್ ಕಡೆಯ ಏಷ್ಯನ್ ಅಂಗಡಿಗಳಲ್ಲಿ ಕೇಳಿ. ಆದರೆ ನೀವೇ ಮಾಡಬೇಡಿ, ಅವರ ಕೈಯಲ್ಲಿ ಮಾಡಿಸಿ. ಈರುಳ್ಳಿ ಹೆಚ್ಚು, ನೀರು ಹಾಕು, ಕೈಯಾಡಿಸು, ಉರಿ ಸಣ್ಣ ಮಾಡು: ಕೂಪ್, ಆಜೂತ್, ಮೆಲಾಂಜ್, ಬೆಸ್ ಲ ಫೊ. ಆ ಸಂಜೆ ಮನೆಯಲ್ಲಿ ಗೊತ್ತಿರುವವರು ನೀವೊಬ್ಬರೇ. ಇಂಗ್ಲಿಷ್‌ಗೆ ಹೊರಳುವವರಿಲ್ಲ, ನಿಮ್ಮ ಮಾತಿಗಾಗಿ ಕಾಯುತ್ತಾರೆ.

ಮನೆಯ ಫ್ರೆಂಚ್ ಪುಸ್ತಕದ ಫ್ರೆಂಚ್ ಅಲ್ಲ ಅನ್ನುವುದನ್ನೂ ತಿಳಿದಿರಿ. ಕ್ಲಾಸಿನಲ್ಲಿ 'ಜ ನ ಸೆ ಪಾ' ಅಂತ ಕಲಿತದ್ದು ಇಲ್ಲಿ 'ಶೆ ಪಾ' ಆಗಿರುತ್ತದೆ. 'ನಾವು' ಅನ್ನಲು 'ನೂ' ಬದಲು 'ಒಂ' ಅನ್ನುತ್ತಾರೆ. ಇಲ್ಲ ಅನ್ನುವ ಅರ್ಥದ 'ನ' ಮಾತಿನಲ್ಲಿ ಮಾಯ. ಹಾಗಾಗಿ 'ಯಾ ಪ್ಲು ದ ಲೆ' ಅಂದರೆ ಹಾಲು ಮುಗಿದಿದೆ ಅಂತ. 'ಪ್ಲುಸ್' ಅಂತ ಕೊನೆಯ ಸಕಾರ ಕೇಳಿಸಿದರೆ ಜಾಸ್ತಿ ಅಂತ. ಬರೆಯುವಾಗ ಎರಡೂ ಒಂದೇ ಪದ! ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿರುವುದು ಗುರುತಿಗೆ ಮಾತ್ರ, ನಿಮ್ಮ ನೋಟ್‌ಬುಕ್‌ನಲ್ಲಿ ಹೀಗೆ ಬರೆದುಕೊಳ್ಳಬೇಡಿ. ಕಪಾಟಿನ ಮೇಲೆ, ಕಪಾಟಿನ ಕೆಳಗೆ ಅನ್ನುವುದಕ್ಕೆ ಇಲ್ಲಿರುವ ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಒಂದೇ ಸ್ವರ. ತುಟಿ 'ಉ'ಗೆ ಇಟ್ಟು ಬಾಯೊಳಗೆ 'ಇ' ಹೇಳಿದರೆ ಬರುವ ಆ ಸ್ವರಕ್ಕೆ ನಮ್ಮಲ್ಲಿ ಅಕ್ಷರವಿಲ್ಲ. ಕಿವಿಯಿಂದಲೇ ಕಲಿಯಬೇಕು.

ನಮ್ಮವರಿಗೆ ತೊಡಕಾಗುವುದು ಇನ್ನೊಂದು. ಬೆಳಿಗ್ಗೆ ಎದ್ದು ಅಡುಗೆಮನೆಗೆ ಬಂದಾಗ 'ಸಲ್ಯು' ಅಥವಾ 'ಬೊಂಜೂರ್' ಅನ್ನಲೇಬೇಕು, ದಿನವೂ, ಪ್ರತಿಯೊಬ್ಬರಿಗೂ. ನಮ್ಮ ಮನೆಗಳಲ್ಲಿ ಯಾರೂ ಅಣ್ಣನಿಗೆ ದಿನಾ ನಮಸ್ಕಾರ ಹೇಳುವುದಿಲ್ಲ, ಹಾಗಾಗಿ ಬಾಯಿಗೆ ಬರುವುದಿಲ್ಲ. ಹೇಳದಿದ್ದರೆ ಮುನಿಸಿಕೊಂಡಿದ್ದೀರಿ ಅಂತ ಅವರು ತಿಳಿಯುತ್ತಾರೆ. ಮನೆಯೊಳಗೆ ವಯಸ್ಸು ಎಷ್ಟೇ ಇರಲಿ, ಎಲ್ಲರಿಗೂ 'ತು', ಅಂದರೆ ಏಕವಚನ. ಹಿರಿಯರಿಗೆ ನೀನು ಅನ್ನಲು ನಾಲಿಗೆ ಹಿಂಜರಿದರೂ ಅನ್ನಿ. ಮನೆ ಮಾಲೀಕರು, ಮೆಟ್ಟಿಲಲ್ಲಿ ಸಿಗುವ ನೆರೆಯವರು ಇವರಿಗೆ 'ವು', ಬಹುವಚನ.

ಇಷ್ಟೆಲ್ಲ ಮಾಡಿದರೂ ಬಿ2 ಮನೆಯಿಂದ ಮಾತ್ರ ಬರುವುದಿಲ್ಲ. ಅಲ್ಲಿಗೆ ಮುಟ್ಟಲು ಸೊನ್ನೆಯಿಂದ ಸುಮಾರು 500ರಿಂದ 600 ಗಂಟೆ ಪಾಠ ಬೇಕು ಅಂತ ಶಾಲೆಗಳು ಸಾಮಾನ್ಯವಾಗಿ ಲೆಕ್ಕ ಹಾಕುತ್ತವೆ. ಈ ಮಟ್ಟಕ್ಕೆ ಸರ್ಟಿಫಿಕೇಟ್ ಕೊಡುವ ಡೆಲ್ಫ್ ಪರೀಕ್ಷೆಯಲ್ಲಿ ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು ತಲಾ 25 ಅಂಕ. ಒಟ್ಟು 50 ಬಂದರೆ ಪಾಸ್, ಆದರೆ ಯಾವ ಭಾಗದಲ್ಲೂ 5ಕ್ಕಿಂತ ಕಮ್ಮಿ ಬರಬಾರದು. ಮನೆಯಲ್ಲಿ ಕೇಳುವುದು, ಮಾತಾಡುವುದು ಬರುತ್ತದೆ. ಬರವಣಿಗೆಗೆ ಯಾರಾದರೂ ಕೆಂಪು ಪೆನ್ ಹಿಡಿದು ಕೂರಲೇಬೇಕು. ನಿಮ್ಮ ವಿಶ್ವವಿದ್ಯಾಲಯದ ಭಾಷಾ ಕೇಂದ್ರದಲ್ಲಿ ವಿದೇಶಿ ವಿದ್ಯಾರ್ಥಿಗಳಿಗೆ ತರಗತಿ ಇದೆಯೇ ಅಂತ ಈ ವಾರವೇ ವಿಚಾರಿಸಿ. ಮುಂದೆ ಇಲ್ಲೇ ನಿಲ್ಲುವ ಯೋಚನೆ ಇದ್ದರೆ ಇದೂ ಗೊತ್ತಿರಲಿ: 2026ರ ಜನವರಿಯಿಂದ ಹತ್ತು ವರ್ಷದ ರೆಸಿಡೆಂಟ್ ಕಾರ್ಡಿಗೆ ಬಿ1, ಪೌರತ್ವಕ್ಕೆ ಬಿ2 ಕೇಳುತ್ತಾರೆ.

ಕನ್ನಡದ ಹುಡುಗರ ಮನೆಗೆ ಭಾನುವಾರ ಊಟಕ್ಕೆ ಹೋಗಿ. ಹೊಟ್ಟೆ ತುಂಬ ತಿಂದು, ಬಾಯಿ ತುಂಬ ಕನ್ನಡ ಮಾತಾಡಿ ಬನ್ನಿ. ಒಂಟಿತನದಲ್ಲಿ ಯಾವ ಭಾಷೆಯೂ ತಲೆಗೆ ಹತ್ತುವುದಿಲ್ಲ. ಸೆಮಿಸ್ಟರ್ ಮುಗಿದ ಮೇಲೂ ಮನೆ ಹಿಡಿಸದಿದ್ದರೆ ಬಿಡಿ, ಆದರೆ ಅಗ್ರಿಮೆಂಟ್ ಓದಿ ಬಿಡಿ. ಸಾಮಾನು ಸಮೇತ ಕೊಟ್ಟ ಮನೆಯಾದರೆ ಒಂದು ತಿಂಗಳ ನೋಟಿಸ್ ಸಾಕು, ರಿಜಿಸ್ಟರ್ಡ್ ಪತ್ರದಲ್ಲಿ ಕಳಿಸಿ. ಎಲ್ಲರೂ ಒಂದೇ ಅಗ್ರಿಮೆಂಟಿಗೆ ಸಹಿ ಹಾಕಿ, ಅದರಲ್ಲಿ 'ಸೊಲಿದಾರಿತೆ' ಷರತ್ತು ಇದ್ದರೆ, ನೀವು ಹೋದ ಮೇಲೂ ಉಳಿದವರ ಬಾಡಿಗೆಗೆ ನೀವು ಹೊಣೆ. ನಿಮ್ಮ ಜಾಗಕ್ಕೆ ಬೇರೊಬ್ಬರ ಹೆಸರು ಅಗ್ರಿಮೆಂಟಿಗೆ ಸೇರಿದರೆ ನೋಟಿಸ್ ಅವಧಿಯೊಂದಿಗೇ ಅದು ಮುಗಿಯುತ್ತದೆ. ಸೇರದಿದ್ದರೆ ಹೆಚ್ಚೆಂದರೆ ಇನ್ನು ಆರು ತಿಂಗಳು.

ಪ್ರಶ್ನೆ: ಬೆಂಗಳೂರಿನ ಪಿಜಿಯಲ್ಲಿದ್ದೇನೆ. ಒಂದು ರೂಮಿನಲ್ಲಿ ಮೂವರು. ಸೆಪ್ಟೆಂಬರ್‌ಗೆ ಫ್ರಾನ್ಸಿಗೆ ಹೊರಡಬೇಕು. ಗಟ್ಟಿಯಾಗಿ ಓದಿದರೆ ರೂಮ್‌ಮೇಟ್ಸ್ ನಗುತ್ತಾರೆ. ಸುಮ್ಮನೆ ಆ್ಯಪ್‌ನಲ್ಲೇ ಕಲಿತರೆ ಸಾಕಾ?

ಉತ್ತರ: ಸಾಲದು. ಬಾಯಿ ಬಿಡದೆ ಭಾಷೆ ಬರುವುದಿಲ್ಲ. ಪಿಜಿಯ ಟೆರೇಸ್ ಬೆಳಿಗ್ಗೆ ಖಾಲಿ ಇರುತ್ತೆ, ಅಲ್ಲಿಗೆ ಹೋಗಿ. ಫ್ರೆಂಚ್ ಟಿವಿ ಚಾನೆಲ್ ಟಿವಿ5 ಮೋಂದ್‌ನವರ ಆನ್‌ಲೈನ್ ಅಭ್ಯಾಸಗಳು ಮಟ್ಟಕ್ಕೆ ತಕ್ಕಂತೆ ಇವೆ, ದುಡ್ಡು ಕೊಡಬೇಕಿಲ್ಲ. ಎ1ರವು ಮೊದಲು ಮಾಡಿ. ಸ್ವಲ್ಪ ಕಿವಿ ಪಳಗಿದ ಮೇಲೆ ಆರ್‌ಎಫ್‌ಐ ರೇಡಿಯೋದ ಸುಲಭ ಫ್ರೆಂಚ್ ವಾರ್ತೆ ಕೇಳಿ. ಹತ್ತು ನಿಮಿಷದ್ದು, ಬರಹ ರೂಪವೂ ಜೊತೆಗೆ ಸಿಗುತ್ತದೆ. ಒಂದು ವಾಕ್ಯ ಕೇಳಿ, ನಿಲ್ಲಿಸಿ, ಅದೇ ಧಾಟಿಯಲ್ಲಿ ಹೇಳಿ. ದುಡ್ಡು ಹೊಂದಿದರೆ ವಸಂತನಗರದಲ್ಲಿ ಫ್ರೆಂಚ್ ಕಲಿಸುವ ಸಂಸ್ಥೆ ಅಲಿಯಾನ್ಸ್ ಫ್ರಾನ್ಸೆಸ್‌ಗೆ ಸೇರಿ, ಮನೆಪಾಠಕ್ಕಿಂತ ಅಲ್ಲಿ ಜೊತೆಗಾರರು ಸಿಗುವುದು ದೊಡ್ಡ ಲಾಭ. ಇನ್ನು ನಗುವ ರೂಮ್‌ಮೇಟ್‌ಗೆ ನಿಮ್ಮ ಪದಗಳ ಚೀಟಿ ಕೊಟ್ಟು, ರಾತ್ರಿ ಮಲಗುವ ಮುಂಚೆ ಪ್ರಶ್ನೆ ಕೇಳು ಅನ್ನಿ. ಕೆಲಸ ಕೊಟ್ಟರೆ ನಗುವುದು ನಿಲ್ಲುತ್ತದೆ.

ಪ್ರಶ್ನೆ: ಹಾಸನದಿಂದ ಬರೆಯುತ್ತಿದ್ದೇನೆ. ಮಗಳಿಗೆ ಗ್ರೆನೋಬಲ್‌ನಲ್ಲಿ ಸೀಟು ಸಿಕ್ಕಿದೆ. ಒಬ್ಬ ವಯಸ್ಸಾದ ಫ್ರೆಂಚ್ ಅಜ್ಜಿಯ ಮನೆಯಲ್ಲಿ ರೂಮ್ ಇದೆ, ಬಾಡಿಗೆ ಕಮ್ಮಿ, ಭಾಷೆಯೂ ಬರುತ್ತೆ ಅನ್ನುತ್ತಾಳೆ. ಅಜ್ಜಿಯನ್ನು ನೋಡಿಕೊಳ್ಳುವ ಕೆಲಸ ಇವಳ ತಲೆಗೆ ಬಂದರೆ? ನಾವು ಸಸ್ಯಾಹಾರಿಗಳು ಬೇರೆ.

ಉತ್ತರ: ಅಮ್ಮಾ, ನಿಮ್ಮ ಆತಂಕ ಸರಿಯಾದದ್ದೇ. ಇಂಥ ವಾಸಕ್ಕೆ ಫ್ರಾನ್ಸಿನಲ್ಲಿ ಕಾನೂನಿನ ಆಧಾರವಿದೆ. ವಸತಿಗೆ ಸಂಬಂಧಿಸಿದ 2018ರ ಎಲಾನ್ ಕಾಯಿದೆ ಇದಕ್ಕೆ ಒಂದು ಬಗೆಯ ಒಪ್ಪಂದವನ್ನೇ ಮಾಡಿದೆ. 60 ದಾಟಿದವರು ತಮ್ಮ ಮನೆಯ ಒಂದು ಭಾಗವನ್ನು 30ರೊಳಗಿನವರಿಗೆ ಕಮ್ಮಿ ದುಡ್ಡಿಗೆ ಕೊಡಬಹುದು, ಬದಲಿಗೆ ಚಿಕ್ಕಪುಟ್ಟ ಸಹಾಯ ಕೇಳಬಹುದು. ಸಂಜೆ ಮನೆಯಲ್ಲಿರುವುದು, ಸಾಮಾನು ತರುವುದು, ಫೋನ್ ಸರಿಮಾಡಿಕೊಡುವುದು, ಇಷ್ಟು. ಸ್ನಾನ ಮಾಡಿಸುವುದು, ಔಷಧ ಕೊಡುವುದು ನಿಮ್ಮ ಮಗಳ ಕೆಲಸವಲ್ಲ. ಬಿಡಬೇಕೆಂದರೆ ಒಂದು ತಿಂಗಳ ನೋಟಿಸ್.

ಭಾಷೆಗೆ ಇದು ತುಂಬಾ ಒಳ್ಳೆಯ ಮನೆ. ಅಜ್ಜಿಯರು ನಿಧಾನವಾಗಿ, ಪೂರ್ತಿ ವಾಕ್ಯದಲ್ಲಿ ಮಾತಾಡುತ್ತಾರೆ, ತಪ್ಪಿದರೆ ತಿದ್ದುತ್ತಾರೆ. ರಾತ್ರಿ ಎಂಟಕ್ಕೆ ಟಿವಿ ವಾರ್ತೆ ನೋಡುವ ಅಭ್ಯಾಸ ಅವರಿಗಿದ್ದರೆ ಜೊತೆಗೆ ಕೂರಲು ಹೇಳಿ. ನಡುನಡುವೆ ಅರ್ಥ ಕೇಳಿದರೆ ಅವರಿಗೂ ಖುಷಿ. ಮಾತಾಡುವಾಗ 'ವು' ಇರಲಿ, ಅವರಾಗಿ 'ತು' ಅನ್ನು ಅನ್ನುವವರೆಗೆ.

ಸಹಿ ಹಾಕುವ ಮುಂಚೆ ಮಗಳು ವಿಡಿಯೋ ಕಾಲ್‌ನಲ್ಲಿ ಕೆಲವು ವಿಷಯ ಕೇಳಲಿ. ಅಡುಗೆಮನೆ ಯಾವ ಹೊತ್ತಿಗೆ ಸಿಗುತ್ತದೆ, ಫ್ರಿಜ್‌ನಲ್ಲಿ ಒಂದು ಅರೆ ಪೂರ್ತಿ ಅವಳಿಗೇ ಕೊಡುತ್ತಾರಾ, ಒಗ್ಗರಣೆಯ ವಾಸನೆ ಅವರಿಗೆ ತೊಂದರೆಯಾ, ವಾರದಲ್ಲಿ ಎಷ್ಟು ಸಂಜೆ ಮನೆಯಲ್ಲಿರಬೇಕು, ರಜೆಯಲ್ಲಿ ಊರಿಗೆ ಬಂದರೆ ಬಾಡಿಗೆ ಎಷ್ಟು. ಇವೆಲ್ಲ ಒಪ್ಪಂದದಲ್ಲಿ ಬರಹದಲ್ಲಿ ಇರಲಿ. ಒಂದು ಪ್ರತಿ ನಿಮಗೂ ಕಳಿಸಲು ಹೇಳಿ.