ಕರುಣೆ, ಮೈಂಡ್‌ಫುಲ್‌ನೆಸ್ ಇವೆಲ್ಲ ರಿಸರ್ಚ್ ಮಾಡೋ ವಿಷ್ಯಾನಾ? ಪೇಷಂಟ್ "ನಾನು ಉಳೀತೀನಾ" ಅಂತ ಕೇಳಿದ್ರೆ ಏನ್ ಹೇಳ್ಬೇಕು?

ನಿಮ್ಮ ಪ್ರಶ್ನೆ ಎರಡ್ ಸಲ ಓದ್ದೆ. ಪುಣೆಯಲ್ಲಿ ಎಂಎಸ್ಸಿ ನರ್ಸಿಂಗ್ ಮಾಡ್ತಾ ಇದೀರಿ, ಡಿಸರ್ಟೇಶನ್‌ಗೆ ಕ್ಯಾನ್ಸರ್ ಪೇಷಂಟ್‌ಗಳ ಜೊತೆ ಬದುಕು ಸಾವಿನ ಮಾತು ಆಡೋದ್ರ ಬಗ್ಗೆ ತಗೋಬೇಕು ಅಂತಿದೀರಿ, ಗೈಡ್ ಮೇಡಂ "ಇದೆಲ್ಲ ಅಳೆಯೋಕಾಗಲ್ಲ, ಬೇರೆ ಟಾಪಿಕ್ ನೋಡು" ಅಂದಿದಾರೆ, ಅದ್ರ ಜೊತೆಗೆ ಪೇಷಂಟ್ "ನಾನು ಉಳೀತೀನಾ ಸಿಸ್ಟರ್" ಅಂತ ಕೇಳಿದಾಗ ಗಂಟಲು ಕಟ್ಟುತ್ತೆ ಅಂತ ಬರ್ದಿದೀರಿ. ನಾನು ಮುಂಬೈನ ಒಂದು ಆಸ್ಪತ್ರೆಯಲ್ಲಿ ಕ್ಲಿನಿಕಲ್ ರಿಸರ್ಚ್ ಕೋಆರ್ಡಿನೇಟರ್, ಹನ್ನೊಂದು ವರ್ಷ ಆಯ್ತು, ಬಹುಪಾಲು ಕ್ಯಾನ್ಸರ್ ವಿಭಾಗದಲ್ಲೇ. ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಫಾರ್ಮ್ ಹಿಡ್ಕೊಂಡು ಪೇಷಂಟ್ ಪಕ್ಕ ಕೂತು ಪ್ರಶ್ನೆ ಕೇಳೋದೇ ನನ್ನ ಕೆಲ್ಸ, ಹಾಗಾಗಿ ಆ ಕಡೆಯಿಂದ ಹೇಳ್ತೀನಿ.

ಮೊದ್ಲು ಗೈಡ್ ಮೇಡಂಗೆ ತೋರ್ಸೋಕೆ ಒಂದೆರಡು ವಿಷ್ಯ. 1999ರಲ್ಲಿ ಅಮೆರಿಕದಲ್ಲಿ 210 ಹೆಂಗಸರಿಗೆ ಡಾಕ್ಟರ್ ಒಬ್ರು ಕ್ಯಾನ್ಸರ್ ಚಿಕಿತ್ಸೆ ಬಗ್ಗೆ ಮಾತಾಡೋ ವಿಡಿಯೋ ತೋರ್ಸಿದ್ರು. ಅವ್ರಲ್ಲಿ ಸ್ತನ ಕ್ಯಾನ್ಸರ್‌ನಿಂದ ಗುಣ ಆದವ್ರೂ ಇದ್ರು, ಕಾಯಿಲೆ ಬರದೇ ಇದ್ದವ್ರೂ ಇದ್ರು. ಒಂದು ಗುಂಪಿಗೆ ತೋರ್ಸಿದ್ದು ಬರೀ ಮಾಹಿತಿ ಇರೋ ವಿಡಿಯೋ, ಇನ್ನೊಂದು ಗುಂಪಿಗೆ ಅದೇ ವಿಡಿಯೋದಲ್ಲಿ ಡಾಕ್ಟರ್ "ಇದು ಕಷ್ಟ ಅಂತ ನಂಗೆ ಗೊತ್ತು, ನಿಮ್ಮ ಜೊತೆ ನಾವಿದೀವಿ" ಅನ್ನೋ ಥರದ ಮಾತು ಸೇರ್ಸಿದ್ರು, ಒಟ್ಟು 40 ಸೆಕೆಂಡು ಅಷ್ಟೆ. ಆ ಮಾತು ಕೇಳಿದವ್ರ ಆತಂಕ ಕಡಿಮೆ ಇತ್ತು, ಅಳೆದು ನೋಡಿದಾರೆ. ಇನ್ನು ಟೈಮ್ ಎಲ್ಲಿದೆ ಅಂತ ಎಲ್ರೂ ಹೇಳ್ತಾರಲ್ಲ, ಅದಕ್ಕೂ ಇದೆ. 1984ರಲ್ಲಿ ಅಮೆರಿಕದಲ್ಲೇ ಒಂದು ಸ್ಟಡಿ ನೋಡಿದ್ರೆ ಪೇಷಂಟ್ ಮಾತು ಶುರು ಮಾಡಿ ಸರಾಸರಿ 18 ಸೆಕೆಂಡಿಗೇ ಡಾಕ್ಟರ್ ನಡುವೆ ಬಾಯಿ ಹಾಕ್ತಿದ್ರು. 2002ರಲ್ಲಿ ಸ್ವಿಟ್ಜರ್ಲೆಂಡ್‌ನಲ್ಲಿ 335 ಪೇಷಂಟ್‌ಗಳ ಮಾತಿಗೆ ಅಡ್ಡ ಬರದೇ ಸುಮ್ನೆ ಕೇಳಿಸ್ಕೊಂಡು ಸ್ಟಾಪ್‌ವಾಚ್ ಇಟ್ಟು ನೋಡಿದ್ರು, ಸರಾಸರಿ 92 ಸೆಕೆಂಡಲ್ಲಿ ಅವ್ರೇ ಮುಗಿಸಿದ್ರು. ಒಂದೂವರೆ ನಿಮಿಷ! ಪರೇಲ್ ಕಡೆ ಓಪಿಡಿ ರಶ್ ನಾನೂ ನೋಡಿದೀನಿ, ಬೆಳಗ್ಗೆ ಏಳಕ್ಕೇ ಫೈಲ್ ಹಿಡ್ಕೊಂಡು ಕ್ಯೂ ನಿಂತಿರ್ತಾರೆ, ಆದ್ರೂ ಒಂದೂವರೆ ನಿಮಿಷ ಸಿಗಲ್ಲ ಅಂತ ಮಾತ್ರ ನಾನು ಒಪ್ಪಲ್ಲ.

ಅಂದ್ರೆ ಅಳೆಯೋಕಾಗುತ್ತೆ, ಟೂಲ್‌ಗಳೂ ಇವೆ. ಬದುಕಿನ ಅರ್ಥ, ನೆಮ್ಮದಿ, ನಂಬಿಕೆ ಇವನ್ನ ಕೇಳೋ ಫ್ಯಾಸಿಟ್-ಎಸ್‌ಪಿ ಅನ್ನೋ 12 ಪ್ರಶ್ನೆಗಳ ಫಾರ್ಮ್ ಇದೆ, ಹಿಂದಿನ 7 ದಿನ ಹೇಗಿತ್ತು ಅಂತ 0ಯಿಂದ 4ರ ಒಳಗೆ ಉತ್ತರ ಹಾಕೋದು. ಕಷ್ಟ ಇರೋದು ಆ ಫಾರ್ಮನ್ನ ನೀವು ಹೇಗೆ ಕೇಳ್ತೀರಿ ಅನ್ನೋದ್ರಲ್ಲಿ, ನಾನು ನಿಮಗೆ ಹೇಳ್ಬೇಕು ಅಂತ ಕೂತಿದ್ದೂ ಅದನ್ನೇ.

ಕೆಲವು ವರ್ಷದ ಹಿಂದೆ ಸಿಂದಗಿ ಕಡೆಯ ಒಬ್ಬ ಅಜ್ಜಿ ಬಂದಿದ್ರು, ಎಪ್ಪತ್ತರ ಹತ್ರ ವಯಸ್ಸು. ಮಗ ಅವ್ರನ್ನ ಕರ್ಕೊಂಡು ದಾದರ್‌ನ ಧರ್ಮಶಾಲೆಯಲ್ಲಿ ಇದ್ದ. ನಾನು ಕನ್ನಡ ಮಾತಾಡ್ತೀನಿ ಅಂತ ಗೊತ್ತಾದ ಕೂಡ್ಲೇ ಕಾರಿಡಾರ್‌ನಲ್ಲಿ ಪಕ್ಕಕ್ಕೆ ಕರೆದು "ಅವ್ವಗ ಕ್ಯಾನ್ಸರ್ ಅಂತ ಹೇಳಬ್ಯಾಡ್ರಿ ಮೇಡಂ, ಗಂಟದ ಅಂತ ಹೇಳೀವಿ" ಅಂದ. ನಮ್ಮ ಕನ್ಸೆಂಟ್ ಫಾರ್ಮಲ್ಲಿ "ಗಂಭೀರ ಕಾಯಿಲೆ" ಅಂತಷ್ಟೇ ಇತ್ತು, ಅಜ್ಜಿ ಹೆಬ್ಬೆಟ್ಟು ಒತ್ತಿದ್ರು, ನಾನು ಶುರು ಮಾಡ್ದೆ. (ತನಗೆ ಏನಾಗಿದೆ ಅಂತಾನೇ ಹೇಳದೆ ತಗೊಂಡ ಒಪ್ಪಿಗೆ ಒಪ್ಪಿಗೆನಾ ಅಂತ ನನ್ನನ್ನ ಈಗ್ಲೂ ಕಾಡುತ್ತೆ. ನೀವು ನಿಮ್ಮ ಸ್ಟಡಿಯಲ್ಲಿ ಈ ಪ್ರಶ್ನೆನ ಮೊದ್ಲೇ ಎತ್ತಿ.) ಫಾರ್ಮಲ್ಲಿ "ನನ್ನ ಬದುಕಿಗೆ ಒಂದು ಉದ್ದೇಶವಿದೆ" ಅಂತ ಒಂದು ಸಾಲು. ಓದ್ದೆ. ಅಜ್ಜಿ ನನ್ನ ಪೆನ್ನಿನ ಕ್ಯಾಪ್ ಬೆರಳಲ್ಲಿ ತಿರುಗಿಸ್ತಾ "ಉದ್ದೇಶ ಅಂದ್ರ ಏನ ಯವ್ವಾ?" ಅಂದ್ರು. ನಾನು ಏನೋ ಬಿಡಿಸಿ ಹೇಳೋಕೆ ಹೋದೆ, ಅವ್ರು ಅದನ್ನ ಕೇಳಿಸ್ಕೊಳ್ಳದೆ "ಎಳ್ಳಮಾಸಿಗಿ ನಾ ಊರು ಮುಟ್ತೀನೇನ?" ಅಂತ ಕೇಳಿದ್ರು. ಎಳ್ಳಮಾಸಿ ಅಂದ್ರೆ ಎಳ್ಳಮಾವಾಸ್ಯೆ, ಆ ಕಡೆ ರೈತರ ಹಬ್ಬ.

ನಾನು ಹೇಳಿದ್ದು, "ಯಾಕಿಲ್ಲ ಅಜ್ಜಿ, ಎಲ್ಲಾ ಸರಿ ಹೋಗುತ್ತೆ." ಹೇಳಿ ಮುಂದಿನ ಪ್ರಶ್ನೆಗೆ ಹೋದೆ. ಆಮೇಲೆ ಉಳಿದ ಅಷ್ಟೂ ಪ್ರಶ್ನೆಗೆ ಅಜ್ಜಿ ಬರೀ "ಹೂಂ" ಅಂದ್ರು, ಕ್ಯಾಪ್ ವಾಪಸ್ ನನ್ನ ಕೈಗೆ ಕೊಟ್ರು. ಫಾರ್ಮ್ ಪೂರ್ತಿ ತುಂಬಿತ್ತು, ಒಂದು ಬಾಕ್ಸೂ ಖಾಲಿ ಇರ್ಲಿಲ್ಲ, ಆದ್ರೆ ಆ ಡೇಟಾದಲ್ಲಿ ಸತ್ಯ ಅನ್ನೋದು ಏನೂ ಇರ್ಲಿಲ್ಲ.

ಎರಡು ದಿನ ಬಿಟ್ಟು ನಮ್ಮ ಸೋಶಿಯಲ್ ವರ್ಕರ್ ಅಕ್ಕ ಅವ್ರ ಹತ್ರ ಹೋದ್ರು. ಸೊಲ್ಲಾಪುರದವ್ರು, ಕನ್ನಡ ಮರಾಠಿ ಎರಡೂ ಸಲೀಸು. ಸ್ಟೂಲ್ ಎಳ್ಕೊಂಡು ಅಜ್ಜಿಯ ಮುಖದ ಮಟ್ಟಕ್ಕೆ ಕೂತು "ಎಳ್ಳಮಾಸಿಗಿ ಊರಾಗ ಏನ್ ಕೆಲಸ ಅದ ಆಯಿ?" ಅಂತ ಒಂದೇ ಮಾತು ಕೇಳಿ ಸುಮ್ಮನಾದ್ರು. ನಾನು ಹಿಂದೆ ನಿಂತಿದ್ದೆ, ಆ ಸುಮ್ಮನಿರೋದು ಎಷ್ಟು ಉದ್ದ ಆಯ್ತು ಅಂದ್ರೆ ನಾನೇ ಏನಾದ್ರೂ ಹೇಳ್ಬಿಡ್ಲಾ ಅನ್ನಿಸ್ತು. ಆಮೇಲೆ ಅಜ್ಜಿ ಶುರು ಮಾಡಿದ್ರು, ಮೊಮ್ಮಗಳ ಕೂಸಿಗೆ ಕೌದಿ ಹೊಲಿತಿದ್ದೆ, ಅರ್ಧ ಆಗಿತ್ತು, ಸೂಜಿ ಹಂಗೇ ಚುಚ್ಚಿಟ್ಟು ಬಂದೀನಿ, ಹಳೇ ಇಳಕಲ್ ಸೀರೆ ಕತ್ತರಿಸಿ ಇಟ್ಟೀನಿ, ಸೊಸೆಗೆ ಅದ್ರ ಅಂಚು ಹಾಕೋದು ಬರಲ್ಲ ಅಂತ. ಇಷ್ಟೆಲ್ಲ ಹೇಳಿ ದನಿ ತಗ್ಗಿಸಿ "ನನಗ ಎಲ್ಲಾ ಗೊತ್ತದ. ನನ್ನ ಮಗಗ ಹೇಳಬ್ಯಾಡ್ರಿ, ಅಂವ ತಡಕೊಳ್ಳಲ್ಲ" ಅಂದ್ರು. ಮಗ ತಾಯಿಯಿಂದ ಮುಚ್ಚಿಡ್ತಿದ್ದ, ತಾಯಿ ಮಗನಿಂದ. ಪ್ಯಾಲಿಯೇಟಿವ್ ಕೇರ್‌ನವ್ರು, ಅಂದ್ರೆ ದೊಡ್ಡ ಕಾಯಿಲೆಯಲ್ಲಿ ನೋವು-ಸಂಕಟ ಕಡಿಮೆ ಮಾಡೋ ವಿಭಾಗದವ್ರು, ಇದಕ್ಕೆ ಕೊಲ್ಯೂಷನ್ ಅಂತಾರೆ, ನಮ್ಮ ದೇಶದಲ್ಲಿ ತುಂಬಾ ಸಾಮಾನ್ಯ. ಅಕ್ಕ ಇಬ್ರನ್ನೂ ಒಟ್ಟಿಗೆ ಕೂರ್ಸಿ ಮಾತಾಡಿಸಿದ್ರು, ಡಾಕ್ಟರ್ ಮುಂದಿನ ಕೀಮೋ ಬಿಟ್ಟು ಮಾರ್ಫಿನ್ ಮಾತ್ರೆ, ಪೇಪರ್ ಎಲ್ಲ ಕೊಟ್ಟು ಊರಿಗೆ ಕಳ್ಸಿದ್ರು. ಹೊಲಕ್ಕೆ ಹೋಗಿ ಚರಗ ಚೆಲ್ಲೋಕೆ (ಭೂಮಿತಾಯಿಗೆ ಎಡೆ ಚೆಲ್ಲೋ ಪದ್ಧತಿ) ಅಜ್ಜಿಗೆ ಆಗ್ಲಿಲ್ವಂತೆ, ಆದ್ರೆ ಎಳ್ಳಮಾಸಿ ದಿನ ಮನೇಲಿದ್ರು.

ನಾನು ಕಲ್ತಿದ್ದು ಅಲ್ಲಿ. "ಬದುಕಿನ ಅರ್ಥ ಏನು" ಅಂತ ಯಾವ ಪೇಷಂಟೂ ಕೇಳಲ್ಲ. ಎಳ್ಳಮಾಸಿಗೆ ಊರು ಮುಟ್ತೀನಾ, ಮಗಳ ಮದುವೆ ಮಾರ್ಚ್‌ಗೆ ಇಟ್ಕೊಳ್ಲಾ, ಹೋಟ್ಲು ತಮ್ಮನಿಗೆ ಬರ್ದುಕೊಡ್ಲಾ, ಹೀಗೆ ಕೇಳ್ತಾರೆ. ಅಸ್ತಿತ್ವದ ಪ್ರಶ್ನೆ ಅಂತ ಪುಸ್ತಕದಲ್ಲಿ ಬರಿಯೋದು ಇದನ್ನೇ. ಅದಕ್ಕೆ ನೀವು ಉತ್ತರ ಕೊಡ್ಬೇಕಾಗಿಲ್ಲ, "ಎಲ್ಲಾ ಸರಿ ಹೋಗುತ್ತೆ" ಅಂತ ಬಾಗ್ಲು ಹಾಕದೇ ಇದ್ರೆ ಸಾಕು. "ನಾನು ಉಳೀತೀನಾ" ಅಂದ್ರೆ "ಹಾಗೆ ಯಾಕೆ ಅನ್ನಿಸ್ತು ಇವತ್ತು?" ಅಂತ ಕೇಳಿ, ಸುಮ್ಮನಿರಿ. ಡಾಕ್ಟರ್ ಹೇಳ್ಬೇಕಾದ್ದನ್ನ ಡಾಕ್ಟರಿಗೇ ಬಿಡಿ, ಆದ್ರೆ ಅವ್ರು ಕೇಳಿದ್ದನ್ನ ಡಾಕ್ಟರಿಗೆ ಮುಟ್ಟಿಸಿ, ಮುಟ್ಟಿಸ್ತೀನಿ ಅಂತ ಪೇಷಂಟ್‌ಗೂ ಹೇಳಿ. ಕೆನಡಾದ ಸೈಕಿಯಾಟ್ರಿಸ್ಟ್ ಹಾರ್ವೆ ಚಾಚಿನೋವ್ ಅವ್ರದ್ದು ಒಂದು ಪ್ರಶ್ನೆ ಇದೆ, ನಿಮ್ಮನ್ನ ಚೆನ್ನಾಗಿ ನೋಡ್ಕೋಬೇಕಂದ್ರೆ ಮನುಷ್ಯರಾಗಿ ನಿಮ್ಮ ಬಗ್ಗೆ ನಮಗೆ ಏನು ಗೊತ್ತಿರ್ಬೇಕು ಅಂತ. ಕನ್ನಡದಲ್ಲಿ ನಾನು "ನಿಮ್ಮ ಬಗ್ಗೆ ನಮಗೇನು ಗೊತ್ತಿದ್ರೆ ಒಳ್ಳೇದು?" ಅಂತ ಕೇಳ್ತೀನಿ, ಜನ ಎಷ್ಟೊಂದು ಹೇಳ್ತಾರೆ ನೋಡಿ.

ಪದಗಳ ಬಗ್ಗೆ ಹುಷಾರು. ನಮ್ಮ ಫಾರ್ಮ್‌ಗಳಲ್ಲಿ "ಸಹಾನುಭೂತಿ" ಅಂತ ಇರುತ್ತೆ, ವಾರ್ಡಲ್ಲಿ ಆ ಪದ ಯಾರ ಬಾಯಲ್ಲೂ ನಾನು ಕೇಳಿಲ್ಲ. ಕನಿಕರ ಅಂದ್ರೆ ಪೇಷಂಟ್‌ಗಳಿಗೆ ಆಗಲ್ಲ, "ಅಯ್ಯೋ ಪಾಪ" ಅನ್ನಿಸ್ಕೊಳ್ಳೋದು ಯಾರಿಗೆ ಬೇಕು? ಕೆನಡಾದಲ್ಲಿ 53 ಜನ ಅಡ್ವಾನ್ಸ್ಡ್ ಕ್ಯಾನ್ಸರ್ ಪೇಷಂಟ್‌ಗಳನ್ನ ಕೇಳಿ ಮಾಡಿದ ಸ್ಟಡಿಯಲ್ಲೂ ಕನಿಕರ ಬೇಡ, ನಮ್ಮ ನೋವು ಅರ್ಥ ಮಾಡ್ಕೊಂಡು ಏನಾದ್ರೂ ಮಾಡೋ ಕರುಣೆ ಬೇಕು ಅಂತಾನೇ ಬಂತು. ಉತ್ತರ ಕರ್ನಾಟಕದವ್ರು "ಅಂತಃಕರಣ" ಅಂತಾರಲ್ಲ, "ಆ ಸಿಸ್ಟರ್‌ಗೆ ಭಾಳ ಅಂತಃಕರಣ ಅದ" ಅಂತ, ನನ್ನ ಮಟ್ಟಿಗೆ ಅದೇ ಸರಿಯಾದ ಪದ. ಟೂಲ್ ಅನುವಾದ ಮಾಡುವಾಗ ಅನುವಾದಕರ ಜೊತೆ ನಾಲ್ಕು ಪೇಷಂಟ್‌ಗಳನ್ನೂ ಕೂರ್ಸಿ ಓದ್ಸಿ ನೋಡಿ.

ಮೈಂಡ್‌ಫುಲ್‌ನೆಸ್, ಅಂದ್ರೆ ಈ ಕ್ಷಣದಲ್ಲಿ ಮನಸ್ಸಿಟ್ಟು ಗಮನಿಸೋದು, ಆ ವಿಷ್ಯಕ್ಕೆ ಬಂದ್ರೆ ಇಲ್ಲಿ ಜನ ಇಗತ್‌ಪುರಿಯ ಹತ್ತು ದಿನದ ವಿಪಸ್ಸನ ಧ್ಯಾನ ಶಿಬಿರಕ್ಕೂ ಇದಕ್ಕೂ ಕಲಸುಮೇಲೋಗರ ಮಾಡ್ತಾರೆ. ಆಸ್ಪತ್ರೆ ರಿಸರ್ಚಲ್ಲಿ ಹೆಚ್ಚಾಗಿ ಬರೋದು ಜಾನ್ ಕಬಟ್-ಜಿನ್ 1979ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಶುರು ಮಾಡಿದ 8 ವಾರದ ಕೋರ್ಸು, ಬೌದ್ಧ ಧ್ಯಾನದಿಂದಲೇ ತಗೊಂಡಿದ್ದು, ಆದ್ರೆ ಧರ್ಮದ ಹೆಸರಿಲ್ಲದೆ. ಅಮೆರಿಕದ ರಾಚೆಸ್ಟರ್‌ನಲ್ಲಿ 70 ಡಾಕ್ಟರ್‌ಗಳಿಗೆ ಧ್ಯಾನ ಮತ್ತು ಮಾತುಕತೆ ಸೇರಿಸಿ ತರಬೇತಿ ಕೊಟ್ಟ ಸ್ಟಡಿ 2009ರಲ್ಲಿ ಬಂತು, ಅವ್ರ ಬರ್ನೌಟ್ (ಕೆಲ್ಸದ ಒತ್ತಡದಿಂದ ಬತ್ತಿ ಹೋಗೋದು) ಕಡಿಮೆ ಆಯ್ತು. ಒಳ್ಳೇದೇ. ಆದ್ರೆ ಆ 8 ವಾರದ ಕೋರ್ಸಲ್ಲಿ ಮನೇಲಿ ದಿನಾ 45 ನಿಮಿಷ ಕೂರ್ಬೇಕು, ಬದ್ಲಾಪುರದಿಂದ ಲೋಕಲ್‌ನಲ್ಲಿ ನಿಂತ್ಕೊಂಡು ಬಂದು ನೈಟ್ ಡ್ಯೂಟಿ ಮಾಡೋ ಸಿಸ್ಟರ್‌ಗೆ ಅದನ್ನ ಹೇಳೋಕೆ ನಂಗೆ ಮನಸ್ಸು ಬರಲ್ಲ. ಅವ್ರಿಗೆ ಬೇಕಿರೋದು ಇನ್ನೊಬ್ಬ ಸಿಸ್ಟರ್, ಸ್ಟಾಫ್ ಕೊಡದೆ ಧ್ಯಾನ ಕಲಿಸೋದು ಅನ್ಯಾಯ ಅಂತ ನನ್ನ ಅಭಿಪ್ರಾಯ, ಡಿಸರ್ಟೇಶನ್‌ನಲ್ಲಿ ಇದನ್ನೂ ಬರೀರಿ. ನಾನು ಮಾಡೋದು ಇಷ್ಟೆ, ಬೆಡ್ ಹತ್ರ ಹೋಗೋ ಮುಂಚೆ ಕೈಗೆ ಸ್ಯಾನಿಟೈಸರ್ ಉಜ್ಜೋಕೆ ಹೇಗೂ 20 ಸೆಕೆಂಡ್ ಬೇಕು, ಆಗ ಫೋನು, ಹಿಂದಿನ ಪೇಷಂಟು, ಮುಂದಿನ ಫಾರ್ಮು ಎಲ್ಲ ಬಿಟ್ಟು ಕೈಗೆ ತಣ್ಣಗಾಗೋದನ್ನ ಮಾತ್ರ ಗಮನಿಸ್ತೀನಿ. ಆಮೇಲೆ ಹೆಸರು ಹಿಡಿದು ಮಾತಾಡಿಸ್ತೀನಿ.

ಸಿಸಿಲಿ ಸಾಂಡರ್ಸ್ ಬಗ್ಗೆ ಓದದೇ ಶುರು ಮಾಡ್ಬೇಡಿ. ನರ್ಸ್ ಆಗಿದ್ದು ಆಮೇಲೆ ಡಾಕ್ಟರ್ ಆದವ್ರು, 1967ರಲ್ಲಿ ಲಂಡನ್‌ನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೇ ದಿನಗಳಲ್ಲಿರೋ ಪೇಷಂಟ್‌ಗಳನ್ನ ನೋಡ್ಕೊಳ್ಳೋ ಜಾಗ) ತೆರೆದ್ರು, ನೋವು ಅಂದ್ರೆ ಮೈಯಿಂದು, ಮನಸ್ಸಿಂದು, ಮನೆ-ಸಂಸಾರದ್ದು, ಆತ್ಮದ್ದು ಎಲ್ಲ ಸೇರಿ ಒಂದೇ ಅಂತ ಹೇಳಿದವ್ರು. ನಮ್ಮ ದೇಶದ ಮೊದಲ ಹಾಸ್ಪಿಸ್ ಇಲ್ಲೇ ಬಾಂದ್ರಾದಲ್ಲಿದೆ, ಶಾಂತಿ ಅವೇದನಾ, 1986ರಲ್ಲಿ ಶುರುವಾಗಿದ್ದು. ಗೈಡ್ ಮೇಡಂಗೆ ಇದು ಹೊಸ ಫ್ಯಾಷನ್ ಅಲ್ಲ ಅಂತ ಹೇಳೋಕೆ ಇಷ್ಟು ಸಾಕು.

ಸ್ಟಡಿ ಡಿಸೈನ್ ಬಗ್ಗೆ ನನ್ನ ಸಲಹೆ, ನೂರು ಜನಕ್ಕೆ ಫಾರ್ಮ್ ತುಂಬ್ಸೋದಕ್ಕಿಂತ ಹನ್ನೆರಡು ಹದಿನೈದು ಜನರ ಜೊತೆ ಉದ್ದದ ಸಂದರ್ಶನ ಮಾಡಿ, ಅವ್ರ ಊರಿನ ಭಾಷೆಯಲ್ಲೇ ರೆಕಾರ್ಡ್ ಮಾಡಿ ಬರ್ಕೊಳಿ. ಎಥಿಕ್ಸ್ ಕಮಿಟಿಗೆ ಹೋಗೋ ಮುಂಚೆ ಒಂದು ಪುಟ ಬೇರೆಯಾಗಿ ಬರ್ದಿಟ್ಕೊಳಿ: ಮಾತಿನ ನಡುವೆ ಪೇಷಂಟ್ ಅತ್ರೆ ರೆಕಾರ್ಡರ್ ಯಾರು ಆಫ್ ಮಾಡ್ತಾರೆ, ಎಷ್ಟು ಹೊತ್ತು ಜೊತೆಗಿರ್ತೀರಿ, ಕೌನ್ಸೆಲರ್ ಯಾರು, ಸಂಜೆ ಆರರ ಮೇಲೆ ಆದ್ರೆ ಯಾರಿಗೆ ಫೋನ್ ಮಾಡ್ಬೇಕು, ಮಾರನೇ ದಿನ ಮತ್ತೆ ಹೋಗಿ ಯಾರು ಮಾತಾಡಿಸ್ತಾರೆ. ಆ ಕೊನೇ ಸಾಲಿನ ಮುಂದೆ ನಿಮ್ಮ ಹೆಸರೇ ಬರೀರಿ.