‘ಪೂರ್ತಿ ಗೊತ್ತಿಲ್ಲ’ ಎಂದ ಕೂಡಲೇ ಜನ ಹೆದರಿದರೆ

ಬಹುಶಃ ಆ ಮಾತು ಒಂಟಿಯಾಗಿ ಬಂದದ್ದೇ ತೊಂದರೆ. ಜೀನ್ ಎಡಿಟಿಂಗ್ (ಡಿಎನ್‌ಎಯನ್ನು ಕತ್ತರಿಸಿ ತಿದ್ದುವ ವಿಧಾನ) ಬಗ್ಗೆ ಹೇಳುತ್ತಾ ‘ದೀರ್ಘಕಾಲದ ಪರಿಣಾಮ ಪೂರ್ತಿ ಗೊತ್ತಿಲ್ಲ’ ಎಂದಿರಿ, ಸಭೆ ಗಾಬರಿಯಾಯಿತು ಎಂದು ಬರೆದಿದ್ದೀರಿ. ಎಷ್ಟು ಗೊತ್ತಿದೆ ಎಂದು ಮೊದಲು ಹೇಳದಿದ್ದರೆ ಜನರಿಗೆ ಅದು ‘ಏನೂ ಗೊತ್ತಿಲ್ಲ’ ಎಂದೇ ಕೇಳಿಸುತ್ತದೆ.

ಹಾಗಾಗಿ ಗೊತ್ತಿರುವುದರಿಂದ ಶುರು ಮಾಡಿ, ಅದೂ ಎಷ್ಟು ಜನರಲ್ಲಿ ಎಷ್ಟು ಜನ ಎಂಬ ಲೆಕ್ಕದಲ್ಲಿ. ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆಗೆ 2023ರಲ್ಲಿ ಒಪ್ಪಿಗೆ ಸಿಕ್ಕ ಕ್ಯಾಸ್‌ಜೆವಿ ಎಂಬ ಜೀನ್ ಎಡಿಟಿಂಗ್ ಚಿಕಿತ್ಸೆಯನ್ನೇ ತಗೊಳ್ಳಿ. ಸಾಕಷ್ಟು ಕಾಲ ಗಮನಿಸಿದ್ದ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ಆ ಕಾಯಿಲೆಯ ತೀವ್ರ ನೋವು ಮರುಕಳಿಸಲಿಲ್ಲ. ಇದನ್ನೇ ಶೇಕಡಾ 93.5 ಎಂದರೆ ಕಣ್ಣ ಮುಂದೆ ಮನುಷ್ಯರು ಬರುವುದಿಲ್ಲ, ಅಲ್ವಾ?

ಆಮೇಲೆ ಗೊತ್ತಿಲ್ಲದ್ದನ್ನು ಬಿಡಿಸಿ ಹೇಳಿ. ‘ಡಿಎನ್‌ಎ ಬೇಡದ ಜಾಗದಲ್ಲೂ ಕತ್ತರಿಸಿದ್ದರೆ ಮುಂದೆ ತೊಂದರೆ ಬರುತ್ತದೆಯೇ ಎಂಬುದು ವರ್ಷಗಳು ಕಳೆದ ಮೇಲೆ ತಿಳಿಯುತ್ತದೆ.’ ಅದರ ಬೆನ್ನಿಗೇ ಸೇರಿಸಿ: ‘ಅದಕ್ಕೇ ಈ ರೋಗಿಗಳನ್ನು 15 ವರ್ಷ ಗಮನಿಸುತ್ತಾರೆ.’ ಈ ಸಾಲನ್ನು ಬಿಡಲೇಬೇಡಿ. ನಾನು ಮಾತಾಡಿದ ಕಡೆಯೆಲ್ಲ ಜನರ ಮುಖ ಸಡಿಲವಾದದ್ದು ಇಲ್ಲಿಗೇ.

‘ಸಾಧ್ಯತೆಯನ್ನು ತಳ್ಳಿಹಾಕಲಾಗದು’ ತರಹದ ಮಾತು ಸುಮ್ನೆ ಭಯ ಜಾಸ್ತಿ ಮಾಡುತ್ತದೆ, ತೆಗೆದುಹಾಕಿ.

ಮೊದಲೇ ತೀರ್ಮಾನ ಮಾಡಿಕೊಂಡು ಬಂದವರು ಇದಕ್ಕೆ ಬದಲಾಗುತ್ತಾರೆ ಎಂದು ಹೇಳಲಾರೆ. ಉಳಿದವರು ‘ಹಾಗಾದ್ರೆ ಸುರಕ್ಷಿತನಾ?’ ಎಂದರೆ ಹೌದು, ಇಲ್ಲ ಎನ್ನುವ ಮೊದಲು ‘ಯಾರಿಗೆ, ಯಾವ ಕಾಯಿಲೆಗೆ?’ ಎಂದು ಕೇಳಿ. ಉತ್ತರವನ್ನು ಅಷ್ಟಕ್ಕೇ ಸೀಮಿತವಾಗಿ ಕೊಡಿ.