ಮಾನಿಟರ್ ಇಲ್ಲದೆ ರಾಸ್ಪ್‌ಬೆರಿ ಪೈ ಜೀರೊ 2 ಡಬ್ಲ್ಯುಗೆ ವೈಫೈ ಜೋಡಿಸುವುದು ಹೇಗೆ?

ಒಂದು ವಿಡಿಯೊ ನೋಡಿ, ಮೆಮೊರಿ ಕಾರ್ಡಿನ ಬೂಟ್ ವಿಭಾಗದಲ್ಲಿ (ಶುರುವಾಗುವಾಗ ಮೊದಲು ಓದುವ ಭಾಗ) ವೈಫೈ ವಿವರವಿರುವ ಡಬ್ಲ್ಯುಪಿಎ ಸಪ್ಲಿಕೆಂಟ್ ಕಡತವನ್ನು ಇಟ್ಟರೂ ರೂಟರ್‌ನ ಪಟ್ಟಿಯಲ್ಲಿ ಪೈ ಎಂಬ ಈ ಪುಟ್ಟ ಕಂಪ್ಯೂಟರ್ ಕಾಣುತ್ತಿಲ್ಲ, ಬೋರ್ಡ್ ಕೆಟ್ಟಿದೆಯೇ ಎಂದು ಕೇಳಿದ್ದೀರಿ. ದಯವಿಟ್ಟು ಹೊಸ ಬೋರ್ಡಿಗೆ ದುಡ್ಡು ಹಾಕಬೇಡಿ. ನೀವು ನೋಡಿರುವ ವಿಡಿಯೊ ಹಳೆಯದು, ಅಷ್ಟೇ. 2023ರ ಅಕ್ಟೋಬರ್‌ನಲ್ಲಿ ಬಂದ, ಪೈನ ಆಪರೇಟಿಂಗ್ ಸಿಸ್ಟಂನ ಬುಕ್‌ವರ್ಮ್ ಆವೃತ್ತಿಯಿಂದ ವೈಫೈ ಹೊಣೆ ನೆಟ್‌ವರ್ಕ್ ಮ್ಯಾನೇಜರ್ ಎಂಬ ಪ್ರೋಗ್ರಾಂನದು. ಅದು ಆ ಕಡತದ ಕಡೆ ತಿರುಗಿಯೂ ನೋಡುವುದಿಲ್ಲ. ಜೊತೆಗೆ, ಎಲ್ಲರಿಗೂ ಬಾಯಿಪಾಠವಾಗಿದ್ದ 'ಪೈ' ಎಂಬ ಬಳಕೆದಾರ, 'ರಾಸ್ಪ್‌ಬೆರಿ' ಎಂಬ ಪಾಸ್‌ವರ್ಡ್ 2022ರ ಏಪ್ರಿಲ್‌ನಲ್ಲೇ ಹೋದವು.

ಕಾರ್ಡನ್ನು ಲ್ಯಾಪ್‌ಟಾಪಿನಲ್ಲಿ ರಾಸ್ಪ್‌ಬೆರಿ ಪೈ ಇಮೇಜರ್ ಎಂಬ ಪ್ರೋಗ್ರಾಂ ಬಳಸಿ ಮತ್ತೆ ಬರೆಯಿರಿ. ಬರೆಯುವ ಮುನ್ನ ಅದು ಸೆಟ್ಟಿಂಗ್ಸ್ ಕೇಳುತ್ತದೆ. ಬೋರ್ಡಿಗೊಂದು ಹೆಸರು, ಬಳಕೆದಾರನ ಹೆಸರು, ಪಾಸ್‌ವರ್ಡ್, ವೈಫೈ ವಿವರ ಎಲ್ಲವನ್ನೂ ಅಲ್ಲಿಯೇ ತುಂಬಿ, ಬೇರೆ ಕಂಪ್ಯೂಟರಿನಿಂದ ಬೋರ್ಡಿನೊಳಗೆ ಹೋಗಲು ಬೇಕಾದ ಎಸ್‌ಎಸ್‌ಎಚ್ ಚಾಲೂ ಮಾಡಿ. ವೈಫೈ ದೇಶ ಎಂಬಲ್ಲಿ ಭಾರತವನ್ನು ಆರಿಸಲು ಮರೆಯಬೇಡಿ. ದೇಶ ಗೊತ್ತಾಗದಿದ್ದರೆ ವೈಫೈ ರೇಡಿಯೊ ಬಂದ್ ಆಗಿಯೇ ಉಳಿಯಬಹುದು.

ಇಷ್ಟೆಲ್ಲ ಸರಿಯಾಗಿ ಮಾಡಿಯೂ ನಾನು ಎರಡು ಭಾನುವಾರ ಕಳೆದುಕೊಂಡಿದ್ದೇನೆ. ಅಡಿಕೆ ತೋಟದ ಮಣ್ಣಿನ ತೇವ ಅಳೆಯಲು ಇದೇ ಬೋರ್ಡನ್ನು ಪಂಪ್ ಮನೆಯಲ್ಲಿ ಇಡಬೇಕಿತ್ತು. ಕಾರ್ಡನ್ನು ನಾಲ್ಕು ಸಲ ಬರೆದೆ, ಚಾರ್ಜರ್ ಬದಲಿಸಿದೆ. ಕೊನೆಗೆ ತಿಳಿದದ್ದು, ನಾನು ಕೊಟ್ಟಿದ್ದ ವೈಫೈ ಹೆಸರು ರೂಟರ್‌ನ 5 ಗಿಗಾಹರ್ಟ್ಸ್ ಬ್ಯಾಂಡಿನದು ಎಂದು. ಜೀರೊ 2 ಡಬ್ಲ್ಯುಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಮೊಬೈಲ್ ಹಾಟ್‌ಸ್ಪಾಟ್ ಬಳಸುವುದಾದರೂ ಅದರ ಬ್ಯಾಂಡ್ ಯಾವುದೆಂದು ಮೊದಲು ನೋಡಿಕೊಳ್ಳಿ. ವೈಫೈ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಸಣ್ಣಕ್ಷರವೂ ತಪ್ಪುವಂತಿಲ್ಲ.

ಮೊದಲ ಸಲ ವಿದ್ಯುತ್ ಕೊಟ್ಟಾಗ ಐದು ನಿಮಿಷವಾದರೂ ಬಿಟ್ಟುಬಿಡಿ. ಕಾರ್ಡಿನ ಜಾಗವನ್ನು ಹಿಗ್ಗಿಸಿಕೊಂಡು ಅದು ತಾನಾಗಿ ಮತ್ತೆ ಶುರುವಾಗುತ್ತದೆ. ನಡುವೆ ವೈರ್ ಕೀಳಬೇಡಿ. ಆಮೇಲೆ ಲ್ಯಾಪ್‌ಟಾಪಿನ ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಆದೇಶದ ಮುಂದೆ ಬಳಕೆದಾರನ ಹೆಸರು, @ ಚಿಹ್ನೆ, ಬೋರ್ಡಿನ ಹೆಸರು, ಕೊನೆಗೆ ಡಾಟ್ ಲೋಕಲ್ ಎಂದು ಬರೆಯಿರಿ. ಆ ಹೆಸರಿಗೆ ಓಗೊಡದಿದ್ದರೆ ರೂಟರ್‌ನ ಪಟ್ಟಿಯಲ್ಲಿರುವ ಐಪಿ ವಿಳಾಸ ಕೊಡಿ. ಅತಿಥಿಗಳಿಗೆಂದು ಇಟ್ಟ ಗೆಸ್ಟ್ ವೈಫೈ ಬೇಡ. ಅದರಲ್ಲಿ ಒಂದು ಸಾಧನ ಇನ್ನೊಂದನ್ನು ಕಾಣದಂತೆ ತಡೆ ಇರುವುದೇ ಹೆಚ್ಚು.

ಒಳಹೊಕ್ಕ ದಿನವೇ ಇನ್ನೊಂದು ಕೆಲಸ ಮುಗಿಸಿಬಿಡಿ. ಸೂಡೊ (ನಿರ್ವಾಹಕನ) ಅಧಿಕಾರದಲ್ಲಿ ಎನ್‌ಎಂಟಿಯುಐ ಎಂಬ ನೆಟ್‌ವರ್ಕ್ ಸೆಟ್ಟಿಂಗ್ಸ್ ಪ್ರೋಗ್ರಾಂ ತೆರೆದರೆ ಮೆನು ಬರುತ್ತದೆ. ಅಲ್ಲಿ ಸಂಪರ್ಕ ತಿದ್ದುವ ಆಯ್ಕೆಗೆ ಹೋಗಿ ನಿಮ್ಮ ಮೊಬೈಲ್ ಹಾಟ್‌ಸ್ಪಾಟನ್ನು ಎರಡನೆಯ ವೈಫೈ ಆಗಿ ಸೇರಿಸಿ. ಸಕ್ರಿಯಗೊಳಿಸುವ ಆಯ್ಕೆಯನ್ನು ಮುಟ್ಟಬೇಡಿ, ಇರುವ ಸಂಪರ್ಕವೇ ಕಡಿದುಹೋದೀತು. ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ರೂಟರ್ ಬದಲಾದಾಗ ನಾನು ಪಂಪ್ ಮನೆಯ ಬಾಗಿಲಲ್ಲಿ ನಿಂತು ಹಾಟ್‌ಸ್ಪಾಟ್ ಹಾಕಿದೆ. ಎರಡೇ ನಿಮಿಷದಲ್ಲಿ ಪೈ ಬಂದು ಸೇರಿತು, ಲ್ಯಾಪ್‌ಟಾಪಿನಿಂದ ಹೊಸ ರೂಟರ್‌ನ ಪಾಸ್‌ವರ್ಡ್ ಬರೆದು ಮನೆಗೆ ಬಂದೆ. ಕಾರ್ಡ್ ಕಳಚಬೇಕಾಗಲಿಲ್ಲ.